ಕಾಶಿಯ ಎರಡು ಮಗ್ಗುಲು

ರಾಮನಗರ ಎಂದರೆ ನಮಗೆ ಮೊದಲು ಹೊಳೆಯುವುದು ರೇಷ್ಮೆಗೂಡಿನ ಮಾರುಕಟ್ಟೆ, ‘ಶೋಲೆ’ಯ ಬಂಡೆಗಳು. ನಾನು ಹೇಳುತ್ತಿರುವುದು ಇನ್ನೊಂದು ರಾಮನಗರದ ಮಾತು. ಅದು ಬನಾರಸಿನ ಘಾಟುಗಳಿಗೆ ಎದುರಾಗಿ, ಗಂಗೆಯ ಪೂರ್ವ ದಡದಲ್ಲಿ, ಕಾಶಿ ಅರಸರ ಕೋಟೆ ಇರುವ ಊರು. ದೇವರನ್ನು ಒಪ್ಪದವರಿಗೆ ಅಧ್ಯಾತ್ಮ ಸಾಧ್ಯವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಅಲ್ಲಿನ ರಾಮಲೀಲೆ ನೆನಪಾಗುತ್ತದೆ.

19ನೇ ಶತಮಾನದ ಮೊದಲರ್ಧದಿಂದ ನಡೆದುಬಂದಿರುವ ಈ ಲೀಲೆ ಸುಮಾರು 31 ದಿನಗಳದ್ದು. ಮೈಕಿಲ್ಲ, ವಿದ್ಯುದ್ದೀಪವಿಲ್ಲ. ಊರೇ ರಂಗಸ್ಥಳ. ಅಯೋಧ್ಯೆ ಒಂದು ಕಡೆ, ಚಿತ್ರಕೂಟ ಇನ್ನೊಂದು ಕಡೆ, ಲಂಕೆ ಮತ್ತೂ ದೂರ. ರಾಮ ಹೋದಲ್ಲಿಗೆ ಜನರೂ ನಡೆಯುತ್ತಾರೆ.

ಲೀಲೆಗೆ ಆಧಾರ ತುಳಸೀದಾಸರ ‘ರಾಮಚರಿತಮಾನಸ’. ವಾಲ್ಮೀಕಿಯ ಚಿತ್ರಕೂಟದಲ್ಲಾದರೋ ಜಾಬಾಲಿ ಎಂಬೊಬ್ಬನಿದ್ದಾನೆ. ಪರಲೋಕವೆಂಬುದಿಲ್ಲ, ಸತ್ತವರಿಗೆ ಇಟ್ಟ ಅನ್ನ ಅವರಿಗೆ ಮುಟ್ಟುವುದಿಲ್ಲ, ಸುಮ್ಮನೆ ಬಂದು ರಾಜ್ಯವಾಳು ಎನ್ನುತ್ತಾನೆ. ರಾಮನಿಗೆ ಸಿಟ್ಟು ಬರುತ್ತದೆ. ತುಳಸಿಯಲ್ಲಿ ಈ ವಾದವೇ ಇಲ್ಲ. ಗಮನಿಸಬೇಕಾದ್ದು ಇಷ್ಟು: ಜಾಬಾಲಿಯ ನಾಸ್ತಿಕತೆ ಕೊಟ್ಟ ಮಾತಿನಿಂದ ಜಾರಿಕೊಳ್ಳಲು ದಾರಿ ತೋರಿಸುತ್ತದೆ. ‘ನಾಸ್ತಿಕರಿಗೆ ಕಟ್ಟುಪಾಡಿಲ್ಲ’ ಎಂದು ಮನೆಯ ಹಿರಿಯರು ಹೆದರುವುದು ಇಂಥದ್ದಕ್ಕೇ.

ಅದೇ ಕಾಶಿಯ ಇನ್ನೊಂದು ಮಗ್ಗುಲಲ್ಲಿ ಸಾರನಾಥವಿದೆ. ಬುದ್ಧ ಐವರು ಜೊತೆಗಾರರಿಗೆ ಮೊದಲ ಉಪದೇಶ ಮಾಡಿದ್ದು ಅಲ್ಲಿ. ಅವನ ದಾರಿಗೆ ಸೃಷ್ಟಿಕರ್ತ ಬೇಕಿಲ್ಲ, ಶಾಶ್ವತ ಆತ್ಮವೂ ಇಲ್ಲ. ಪದವನ್ನು ಹಿಡಿದು ಜಗ್ಗಿದರೆ ಆತ್ಮವನ್ನೇ ಒಪ್ಪದವನಿಗೆ ‘ಅಧ್ಯಾತ್ಮ’ ಇರಬಾರದು! ಆದರೆ ಬುದ್ಧನಿಗೆ ಅದಿಲ್ಲ ಎನ್ನುವವರು ಯಾರು? ಹಳೆಯ ದರ್ಶನಗಳ ಲೆಕ್ಕದಲ್ಲಿ ನಾಸ್ತಿಕನೆಂದರೆ ವೇದವನ್ನು ಒಪ್ಪದವನು. ಸೃಷ್ಟಿಕರ್ತನಿಲ್ಲದೆಯೇ ಲೋಕವನ್ನು ವಿವರಿಸಿದ ಸಾಂಖ್ಯರು, ಮೀಮಾಂಸಕರು ಆಸ್ತಿಕರ ಸಾಲಿನಲ್ಲೇ ಕುಳಿತಿದ್ದರು.

ನಮ್ಮ ಕಡೆಗೆ ಬಂದರೆ ಕೋಟ ಶಿವರಾಮ ಕಾರಂತರಿದ್ದಾರೆ (1902–1997). ದೇವರ ನಂಬಿಕೆಯನ್ನು ಆತುಕೊಳ್ಳದ ಅವರು ದಶಕಗಟ್ಟಲೆ ದುಡಿದದ್ದು ದೇವದಾನವರ ಕಥೆಯನ್ನೇ ಕುಣಿಯುವ ಯಕ್ಷಗಾನಕ್ಕಾಗಿ. ‘ಮೂಕಜ್ಜಿಯ ಕನಸುಗಳು’ ದೇವರುಗಳನ್ನು ಮನುಷ್ಯನ ಚರಿತ್ರೆಯೊಳಗಿಟ್ಟು ನೋಡುತ್ತದೆ, ಆದರೆ ನಂಬುವವರನ್ನು ಹಂಗಿಸುವುದಿಲ್ಲ.

ಊರ ದೇವರನ್ನು ಊರಲ್ಲೇ ಬಿಟ್ಟು ಬಂದ ನಮ್ಮಂಥವರಿಗೆ ಇದು ಬರಿಯ ತರ್ಕದ ಮಾತಲ್ಲ. ದೇವರ ಕೋಣೆಯಿಲ್ಲದ ಬಾಡಿಗೆಮನೆಯಲ್ಲಿ ಎಲ್ಲವೂ ಬರಿದಾಯಿತೇ ಎಂದು ಒಮ್ಮೆಯಾದರೂ ಅನ್ನಿಸಿರುತ್ತದೆ. ನನಗೆ ಕಾಣುವಂತೆ ಕೇಳಿಕೊಳ್ಳಬೇಕಾದ್ದು ದೇವರನ್ನು ಬಿಟ್ಟೆವೋ ಇಲ್ಲವೋ ಎಂದಲ್ಲ, ಬಿಟ್ಟು ಯಾವ ಕಡೆಗೆ ಹೊರಟೆವು ಎಂದು. ಜಾಬಾಲಿ ತೋರಿಸಿದ್ದು ಸಲೀಸಾದ ದಾರಿ. ಬುದ್ಧ ತೋರಿಸಿದ್ದು ದಿನವೂ ನಡೆಯಬೇಕಾದ ದಾರಿ.