ಹೈದರಾಬಾದಿನಿಂದ ಅರಮನೆ ಮೈದಾನಕ್ಕೆ

2007ರ ಮಾರ್ಚ್ 17 ಶನಿವಾರವಾಗಿತ್ತು. ಹೈದರಾಬಾದಿನ ಹೆವಿ ಮೆಟಲ್ ಅಭಿಮಾನಿಗಳಿಗೆ ಇದು ಸಣ್ಣ ಸಂಗತಿಯಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಲಕ್ಡಿಕಾಪೂಲ್‌ನಲ್ಲಿ ಬಸ್ಸು ಹತ್ತಿದರೆ, ಇಲ್ಲವೇ ಕಾಚಿಗುಡದಲ್ಲಿ ರೈಲು ಹಿಡಿದರೆ, ಕರ್ನೂಲು, ಅನಂತಪುರ ದಾಟಿ ಬೆಳಗಾಗುವಾಗ ಬೆಂಗಳೂರು. ಭಾನುವಾರ ರಾತ್ರಿ ಮರಳಿ ಹೊರಟರೆ ಸೋಮವಾರದ ಹಾಜರಿಗೆ ಅಡ್ಡಿಯಿಲ್ಲ. ಸುಮಾರು 570 ಕಿಲೋಮೀಟರ್ ದಾರಿ, ಎರಡು ರಾತ್ರಿಯ ನಿದ್ದೆ. ಅಷ್ಟು ಕೊಟ್ಟರೆ ಐರನ್ ಮೇಡನ್ ಕಣ್ಣೆದುರಿಗೆ.

ಐರನ್ ಮೇಡನ್ ಹುಟ್ಟಿದ್ದು 1975ರಲ್ಲಿ, ಲಂಡನ್ನಿನಲ್ಲಿ. ಅದರ ಹಾಡುಗಳು ಭಾರತಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ ಹಾಡುವವರು ಬಂದರು. ನಡುವಿನ ಕಾಲವನ್ನೆಲ್ಲ ಕ್ಯಾಸೆಟ್ಟುಗಳು ತುಂಬಿದವು. ಒಬ್ಬರ ಬಳಿಯಿದ್ದ ಕ್ಯಾಸೆಟ್ಟಿನಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುವುದು, ಆ ನಕಲಿನಿಂದ ಮತ್ತೊಬ್ಬರು. ಪ್ರತಿ ಕೈ ದಾಟುವಾಗಲೂ ಗಿಟಾರಿನ ದನಿ ಸ್ವಲ್ಪ ಮಸುಕಾಗುತ್ತಿತ್ತು. 1991ರ ನಂತರ ಸ್ಟಾರ್ ಟಿವಿಯ ಜೊತೆ ಎಂಟಿವಿ ಬಂತು. ಕೇಳಿದ್ದವರ ಮುಖ ನೋಡುವುದು ಸಾಧ್ಯವಾಯಿತು. ಆಮೇಲೆ ಸೈಬರ್ ಕೆಫೆಗಳು, ಸಿಡಿಗಳು.

ಆದರೆ ಈ ಕೇಳ್ಮೆ ಹೆಚ್ಚಾಗಿ ಒಂಟಿ ಕೇಳ್ಮೆ. ಸಿನಿಮಾ ಹಾಡು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಮೆಟಲ್‌ಗೆ ಅಂಥ ಜಾಗವಿರಲಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಇದನ್ನು ಇಷ್ಟಪಡುವವರು ಊರಿನಲ್ಲಿ ತಾವು ನಾಲ್ಕೈದು ಜನ ಮಾತ್ರ ಎಂದುಕೊಳ್ಳುವುದು ಸಹಜವಾಗಿತ್ತು.

ಆ ಶನಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಎಣಿಕೆ ತಪ್ಪೆಂದು ಗೊತ್ತಾಯಿತು. ಕಪ್ಪು ಟೀ ಶರ್ಟು ತೊಟ್ಟ ಹತ್ತಾರು ಸಾವಿರ ಜನ ಅಲ್ಲಿದ್ದರು. ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು. ಅದೇ ವರ್ಷದ ಜೂನ್‌ನಲ್ಲಿ ಅವರು ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದ ವೇದಿಕೆಯನ್ನೂ ಹತ್ತಿದರು. ಮೇಡನ್‌ನ ಬಾಸ್ ವಾದಕ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹ್ಯಾರಿಸ್ ಹಾಡಿದಳು. ಆಮೇಲೆ ಮೇಡನ್. 2008ರಲ್ಲಿ ಬಂದ ‘ಗ್ಲೋಬಲ್ ಮೆಟಲ್’ ಸಾಕ್ಷ್ಯಚಿತ್ರದಲ್ಲಿ ಆ ರಾತ್ರಿಯ ಜನಸಮೂಹವನ್ನು ಈಗಲೂ ನೋಡಬಹುದು.

ಮೇಡನ್ ಕಾನ್ಸರ್ಟುಗಳಲ್ಲಿ ಜನ ಹಾಡಿನ ಸಾಲನ್ನಷ್ಟೇ ಅಲ್ಲ, ಗಿಟಾರಿನ ರಾಗವನ್ನೂ ಬಾಯಲ್ಲಿ ಹಾಡುತ್ತಾರೆ. ಅಲ್ಲಿ ಪದಗಳೇ ಇಲ್ಲ, ಬರೀ ಓಕಾರ. ತೆಲುಗು, ಕನ್ನಡ, ತಮಿಳು, ಮಲಯಾಳ ಮನೆಮಾತಿನವರು ಇಂಗ್ಲಿಷ್ ಹಾಡಿಗೆ ಸೇರಿದಾಗ ಉಚ್ಚಾರ ಬೇರೆ ಬೇರೆಯಾಗಬಹುದು. ಓಕಾರಕ್ಕೆ ಆ ಭೇದವಿಲ್ಲ. ದೂರದಿಂದ ಬಂದವರಿಗೆ ದಕ್ಕಿದ್ದು ಬಹುಶಃ ಇದೇ. ಹಾಡು ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ಸಿಗದೆ ಉಳಿದಿದ್ದು ಜೊತೆ.

ಹಾಗಾದರೆ ಈ ಜೊತೆ ಬೆಂಗಳೂರಿನಲ್ಲೇ ಏಕೆ ಸಿಕ್ಕಿತು? ಐಟಿ ಕಂಪನಿಗಳು, ಮೊದಲ ಸಂಬಳ ಕೈಗೆ ಬಂದ ಹುಡುಗ ಹುಡುಗಿಯರು ಎಂದು ಸಾಮಾನ್ಯವಾಗಿ ಉತ್ತರ ಹೇಳುತ್ತಾರೆ. ಅದು ಅರ್ಧ ಸತ್ಯ. 1998ರಲ್ಲೇ ಸೈಬರ್ ಟವರ್ಸ್ ತೆರೆದ ಹೈದರಾಬಾದಿನಲ್ಲೂ ಅವರಿದ್ದರು. ಬೆಂಗಳೂರಿನಲ್ಲಿ ಇನ್ನೊಂದಿತ್ತು: ಊರ ನಡುವೆ ಖಾಲಿ ನೆಲ.

ಆ ನೆಲ ಖಾಲಿ ಉಳಿದಿದ್ದು ಸಂಗೀತದ ಕಾರಣಕ್ಕಲ್ಲ, ವ್ಯಾಜ್ಯದ ಕಾರಣಕ್ಕೆ. 1996ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ಮಾಡಿ ಬೆಂಗಳೂರು ಅರಮನೆಯನ್ನೂ ಅದರ ಸುತ್ತಲಿನ ನೆಲವನ್ನೂ ಸೇರಿಸಿ 472 ಎಕರೆ 16 ಗುಂಟೆಯನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಿತು. ಗೊತ್ತುಮಾಡಿದ ಪರಿಹಾರ 11 ಕೋಟಿ ರೂಪಾಯಿ. ಮೈಸೂರು ರಾಜವಂಶಸ್ಥರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟು ಸೇರಿ, ಯಥಾಸ್ಥಿತಿ ಕಾಯಬೇಕೆಂಬ ಆದೇಶವಾಯಿತು. ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಶಾಮಿಯಾನ ಹಾಕಬಹುದು, ವೇದಿಕೆ ಹಾಕಬಹುದು, ಮುಗಿದ ಮೇಲೆ ಬಿಚ್ಚಬೇಕು. ರಾಕ್ ಕಾನ್ಸರ್ಟಿಗೆ ಬೇಕಾದುದೂ ಅಷ್ಟೇ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲೇ ಹಾಡಿದರು. ಮೇಡನ್ ಬಂದಿದ್ದು ಆಗಲೇ ತುಳಿದು ಹದವಾಗಿದ್ದ ನೆಲಕ್ಕೆ.

ಹೈದರಾಬಾದಿನಲ್ಲೂ ಬಯಲುಗಳಿವೆ, ಆದರೆ ಅವುಗಳಿಗೆ ತಮ್ಮದೇ ಕೆಲಸವಿದೆ. ಸಿಕಂದರಾಬಾದಿನ ಪರೇಡ್ ಮೈದಾನ ಸೇನೆಯದು. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನ ಎಂದರೆ ಜನರಿಗೆ ಜನವರಿಯ ನುಮಾಯಿಶ್.

ಹೀಗಾಗಿ ಹೈದರಾಬಾದಿನವರು ಬಸ್ಸು ಹತ್ತುತ್ತಲೇ ಇದ್ದರು. 2008ರ ಮಾರ್ಚ್‌ನಲ್ಲಿ ಮೆಗಾಡೆತ್, 2009ರ ಫೆಬ್ರವರಿಯಲ್ಲಿ ಮತ್ತೆ ಮೇಡನ್. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾ ಮೊದಲ ಬಾರಿಗೆ ಭಾರತದಲ್ಲಿ ನುಡಿಸಬೇಕಿತ್ತು. ಜನರನ್ನು ತಡೆಯುವ ಬೇಲಿ ಕುಸಿದು ಕಾರ್ಯಕ್ರಮ ನಿಂತುಹೋಯಿತು; ಕಾದು ಸೋತವರು ವೇದಿಕೆಗೆ ನುಗ್ಗಿ ಸಾಮಾನು ಮುರಿದರು. ಎರಡು ದಿನ ಬಿಟ್ಟು, ಭಾನುವಾರ, ಅರಮನೆ ಮೈದಾನದಲ್ಲಿ ಅದೇ ತಂಡ ಕಾರ್ಯಕ್ರಮ ಪೂರೈಸಿತು. ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಮ್ ಮೊದಲು ನುಡಿಸಿದ ತಂಡಗಳಲ್ಲೊಂದು.

ಮರುವರ್ಷವೇ ದಿಕ್ಕು ಬದಲಾಯಿತು. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್, ಡಿಸೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್ ನುಡಿಸಿದ್ದು ಊರಾಚೆ, ಥಣಿಸಂದ್ರದ ಕಡೆ, ಟೌನ್‌ಶಿಪ್ ಏಳಲಿದ್ದ ಜಾಗದಲ್ಲಿ. ಊರಾಚೆಯ ಬಯಲಿಗೆ ಆಯುಷ್ಯ ಕಡಿಮೆ: ಇವತ್ತು ವೇದಿಕೆಯಿದ್ದಲ್ಲಿ ನಾಳೆ ಅಪಾರ್ಟ್‌ಮೆಂಟಿನ ಅಡಿಪಾಯ. ಬಸ್ಸಿನಲ್ಲಿ ಬಂದವರಿಗೆ ಇನ್ನೊಂದು ತೊಂದರೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮ. ಹಾಡು ನಿಂತ ಮೇಲೆ ಅಲ್ಲಿಂದ ಊರೊಳಗೆ ಬರುವುದೇ ಒಂದು ಪ್ರಯಾಣ.

ನಮ್ಮಲ್ಲಿ ಬಯಲಾಟಕ್ಕೆ ಬಯಲಿನ ಹೆಸರೇ ಇದೆ. ಆಟ ಮುಗಿದ ಮೇಲೆ ಬಯಲು ಬಯಲಾಗಿಯೇ ಉಳಿಯುತ್ತದೆಂಬ ನಂಬಿಕೆ ಆ ಹೆಸರಿನೊಳಗಿದೆ. ನಗರಗಳು ಈ ನಂಬಿಕೆಯನ್ನು ಬಿಟ್ಟುಕೊಟ್ಟಿವೆ. ಬೆಂಗಳೂರಿನಲ್ಲಿ ಒಂದು ಪೀಳಿಗೆಯ ಸಂಗೀತಕ್ಕೆ ಜಾಗ ಒದಗಿದ್ದು ಯಾರದೋ ಯೋಜನೆಯಿಂದಲ್ಲ, ತೀರ್ಪಾಗದ ಒಂದು ಮೊಕದ್ದಮೆಯಿಂದ.

ಅಷ್ಟರಲ್ಲಿ ಕೇಳುವವರ ನಡುವಿನಿಂದಲೇ ನುಡಿಸುವವರೂ ಬೆಳೆದರು. ಹೈದರಾಬಾದ್ ಮತ್ತು ಚೆನ್ನೈಗಳ ವಾದಕರು ಕಟ್ಟಿದ ಗಾಡ್‌ಲೆಸ್ ಎಂಬ ಡೆತ್ ಮೆಟಲ್ ತಂಡ 2016ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನೂ 2021ರಲ್ಲಿ ‘ಸ್ಟೇಟ್ಸ್ ಆಫ್ ಕೇಯಾಸ್’ ಎಂಬ ಪೂರ್ಣ ಆಲ್ಬಮ್ಮನ್ನೂ ಹೊರತಂದಿತು. ಒಂಟಿಯಾಗಿ ಕೇಳಿದ ಸಂಗೀತ ಈಗ ಹೈದರಾಬಾದಿನ ಹೆಸರಿನಲ್ಲೂ ಕೇಳಿಸುತ್ತದೆ. ಅದನ್ನು ಕೇಳಲು ಹತ್ತಾರು ಸಾವಿರ ಜನ ಒಟ್ಟಿಗೆ ನಿಲ್ಲುವ ಬಯಲು ಮಾತ್ರ ಎರಡೂ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ದೂರ ಹೋಗುತ್ತಿದೆ.