ಗಣಿತ–ಛಂದಸ್ಸುಗಳ ಸಂಬಂಧವೂ ಉಪಾಧ್ಯಾಯಶಿಕ್ಷಣವೂ

ಶಾಸ್ತ್ರವೇ ಬೇರೆ, ಕಲೆಯೇ ಬೇರೆ ಎಂಬ ಭಾವನೆಯು ನಮ್ಮ ಪಾಠಶಾಲೆಗಳಲ್ಲಿ ಆಳವಾಗಿ ಬೇರೂರಿದೆ. ಗಣಿತವನ್ನು ಬೋಧಿಸುವವರು ಕಾವ್ಯದ ಗೊಡವೆಗೆ ಹೋಗರು. ಕಾವ್ಯವನ್ನು ಬೋಧಿಸುವವರು ಲೆಕ್ಕವೆಂದರೆ ಹಿಂಜರಿವರು. ಈ ಭೇದವು ಕನ್ನಡನಾಡಿನ ಪ್ರಾಚೀನ ವಿದ್ಯಾಸಂಪ್ರದಾಯಕ್ಕೆ ಸಮ್ಮತವಾಗಿದ್ದಿತೇ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಕ್ರಿ.ಶ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಕನ್ನಡದ ಲಕ್ಷಣಗ್ರಂಥವಾದ ಕವಿರಾಜಮಾರ್ಗವೂ ಅದೇ ಅರಸನ ಆಶ್ರಯದಲ್ಲಿ ಹುಟ್ಟಿತೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಮಹಾವೀರನು ಗ್ರಂಥಾರಂಭದಲ್ಲಿ ಗಣಿತದ ಪ್ರಯೋಜನವನ್ನು ಹೇಳುವಾಗ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆಗಳನ್ನೂ ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳನ್ನೂ ಎಣಿಸುವನು.

ಇದು ಶಾಸ್ತ್ರಕಾರರ ವಾಡಿಕೆಯ ಸ್ವಶಾಸ್ತ್ರಪ್ರಶಂಸೆಯಷ್ಟೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಗ್ರಂಥದ ಒಳಭಾಗವೇ ಇದಕ್ಕೆ ಉತ್ತರವನ್ನೀಯುತ್ತದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಷಡ್ರಸಗಳನ್ನು ಎಷ್ಟು ಬಗೆಯಾಗಿ ಬೆರೆಸಬಹುದೆಂದು ಆಚಾರ್ಯನು ಪ್ರಶ್ನಿಸುವನು. ಒಂದೊಂದಾಗಿ 6, ಎರಡೆರಡಾಗಿ 15, ಮೂರುಮೂರಾಗಿ 20, ನಾಲ್ಕುನಾಲ್ಕಾಗಿ 15, ಐದೈದಾಗಿ 6, ಆರೂ ಕೂಡಿ 1, ಒಟ್ಟು 63. ಇನ್ನು ಪಾದಕ್ಕೆ ಆರಕ್ಷರಗಳುಳ್ಳ ಗಾಯತ್ರೀ ಛಂದಸ್ಸನ್ನು ನೋಡೋಣ. ಪ್ರತಿಯೊಂದಕ್ಷರವೂ ಗುರುವಾಗಬಹುದು, ಲಘುವಾಗಬಹುದು. ಆದುದರಿಂದ ಪ್ರಸ್ತಾರದಲ್ಲಿ 64 ವೃತ್ತಗಳು ದೊರೆಯುವುವು. ಒಂದು ಗುರುವುಳ್ಳವು 6, ಎರಡುಳ್ಳವು 15, ಮೂರುಳ್ಳವು 20. ಹೀಗೆ ಮೊದಲಿನ ಸಂಖ್ಯೆಗಳೇ ಮರಳಿ ಬರುವುವು. ಗುರುವೇ ಇಲ್ಲದ ಸರ್ವಲಘುವೃತ್ತವೊಂದನ್ನು 63ಕ್ಕೆ ಸೇರಿಸಿದರೆ ಲೆಕ್ಕವು ತುಂಬುವುದು. ಅಡಿಗೆಯ ಲೆಕ್ಕವೂ ಪದ್ಯದ ಲೆಕ್ಕವೂ ಒಂದೇ! 10ನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿ ಪ್ರಸ್ತಾರಾದಿ ಪ್ರತ್ಯಯಗಳನ್ನು ಪಾಠಹೇಳುವ ಪಂಡಿತನು, ತಾನರಿಯದೆಯೇ, ಗಣಿತವನ್ನು ಬೋಧಿಸುತ್ತಿರುವನು. 12ನೆಯ ಶತಮಾನದವನೆಂದು ಎಣಿಸಲ್ಪಟ್ಟಿರುವ ರಾಜಾದಿತ್ಯನಾದರೋ ವ್ಯವಹಾರಗಣಿತವನ್ನು ಕನ್ನಡದಲ್ಲಿ ಪದ್ಯಗದ್ಯಗಳಿಂದ ರಚಿಸಿ, ತಾನೇ ಕವಿಯೂ ಗಣಿತಜ್ಞನೂ ಆದನು.

ಹಳೆಯದೆಲ್ಲವೂ ಗ್ರಾಹ್ಯವೆಂದು ನಮ್ಮ ಅಭಿಪ್ರಾಯವಲ್ಲ. ಪದ್ಯಸೂತ್ರವು ನೆನಪಿಗೆ ನೆರವಾದರೂ ಉಪಪತ್ತಿಯನ್ನು ಮರೆಮಾಡುವುದುಂಟು; ಅದನ್ನು ಬಿಡಿಸಿ ತೋರಿಸುವ ಭಾರವು ಗುರುವಿನ ಮೇಲೆಯೇ ಬೀಳುವುದು. ಆ ವಿದ್ಯೆಯು ಎಲ್ಲರಿಗೂ ಲಭ್ಯವಾಗಿಯೂ ಇರಲಿಲ್ಲ.

1963ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ವಿಷಯಜ್ಞಾನವನ್ನೂ ಬೋಧನಕ್ರಮವನ್ನೂ ನಾಲ್ಕು ವರ್ಷಗಳ ಒಂದೇ ವ್ಯಾಸಂಗದಲ್ಲಿ ಕೂಡಿಸಿತು. ಇದು ಒಂದು ಸಂಧಿ. ಕಲೆ–ವಿಜ್ಞಾನಗಳ ನಡುವೆ ಕಠಿನವಾದ ಭೇದವು ಸಲ್ಲದೆಂದು 2020ರ ರಾಷ್ಟ್ರೀಯ ಶಿಕ್ಷಣನೀತಿಯು ಹೇಳಿರುವುದು ಇನ್ನೊಂದು. ಎರಡನೆಯದು ಸಿದ್ಧಿಸಬೇಕಾದರೆ ನೀತಿವಾಕ್ಯವೊಂದೇ ಸಾಲದು. ಶಿಕ್ಷಣಾರ್ಥಿಗಳಾದ ಕನ್ನಡದ ಉಪಾಧ್ಯಾಯನೂ ಗಣಿತದ ಉಪಾಧ್ಯಾಯನೂ ಒಂದೇ ಹಲಗೆಯ ಮುಂದೆ ಕುಳಿತು ಆರಕ್ಷರದ ಪ್ರಸ್ತಾರವನ್ನು ತಾವೇ ಬರೆದು ನೋಡಬೇಕು. ಗುರುವು ತಾನು ಕಾಣದ ಸಂಬಂಧವನ್ನು ಶಿಷ್ಯನಿಗೆ ತೋರಿಸಲಾರನು.