ಟೊಂಕಬೇನೆಯ ಪ್ರಬಂಧ: ಬೀದರ್ ನೆಲದಲ್ಲಿ ಫಿಜಿಯೊಥೆರಪಿಯ ಕೊನೆಯ ಅಧ್ಯಯನ

ಫಿಜಿಯೊಥೆರಪಿ ಓದಿನ ಕೊನೆಯಲ್ಲಿ ಬರುವ ಸಂಶೋಧನಾ ಕೆಲಸವನ್ನು ಪದವಿಯ (ಬಿಪಿಟಿ) ವಿದ್ಯಾರ್ಥಿಗಳು 'ಪ್ರಾಜೆಕ್ಟ್' ಎನ್ನುತ್ತಾರೆ, ಸ್ನಾತಕೋತ್ತರದ (ಎಂಪಿಟಿ) ವಿದ್ಯಾರ್ಥಿಗಳು 'ಥೀಸಿಸ್' ಎನ್ನುತ್ತಾರೆ. ಪದವಿ ಹಂತದಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಂದಿ ಸೇರಿ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಮಾಡುವ ಕೆಲಸವಿದು. ಸ್ನಾತಕೋತ್ತರದಲ್ಲಿ ಒಬ್ಬೊಬ್ಬರದೇ ಹೊಣೆ. ವಿಷಯ ಆರಿಸಬೇಕು, ರೋಗಿಗಳನ್ನು ಹುಡುಕಬೇಕು, ಅಳೆಯಬೇಕು, ಚಿಕಿತ್ಸೆ ಕೊಡಬೇಕು, ಮತ್ತೆ ಅಳೆಯಬೇಕು, ಬರೆದು ರಟ್ಟು ಕಟ್ಟಿಸಿ ಒಪ್ಪಿಸಬೇಕು. ಬೀದರ್, ಭಾಲ್ಕಿ, ಔರಾದಿನ ಜನರ ಮೈನೋವು ಈ ಪದ್ಧತಿಯ ಒಳಗೆ ಬಂದದ್ದು ತೀರ ಈಚೆಗೆ. ಅದು ಬಂದ ದಾರಿ ಮಾತ್ರ ಉದ್ದದ್ದು.

ಬೀದರಿಗೆ ವಿದ್ಯೆಯೂ ವೈದ್ಯವೂ ಹೊಸತಲ್ಲ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ 15ನೇ ಶತಮಾನದ ನಡುವೆ ಇಲ್ಲಿ ಒಂದು ಆಸ್ಪತ್ರೆ ಕಟ್ಟಿಸಿ, ಔಷಧ ಮತ್ತು ಊಟದ ಖರ್ಚಿಗೆ ಹಳ್ಳಿಗಳನ್ನು ಉಂಬಳಿ ಬಿಟ್ಟಿದ್ದ. ಹಿಂದೂ ವೈದ್ಯರೂ ಮುಸ್ಲಿಂ ವೈದ್ಯರೂ ಅಲ್ಲಿ ಇದ್ದರು. 1472ರಲ್ಲಿ ಇರಾನಿನ ಗೀಲಾನ್ ಮೂಲದ ಮಂತ್ರಿ ಮಹಮೂದ್ ಗವಾನ್ ಮೂರು ಅಂತಸ್ತಿನ ಮದರಸಾ ಎಬ್ಬಿಸಿದ. 17ನೇ ಶತಮಾನದ ಕೊನೆಯಲ್ಲಿ ಸ್ಫೋಟಕ್ಕೆ ಸಿಕ್ಕಿ ಅರ್ಧ ಕುಸಿದ ಆ ಕಟ್ಟಡ, ಉಳಿದ ಒಂದು ಮಿನಾರಿನೊಂದಿಗೆ ಇಂದಿಗೂ ನಿಂತಿದೆ. ಅಂಥ ಮದರಸಾಗಳ ಕಲಿಕೆಯಲ್ಲಿ ಗುರುವಿನ ಮುಂದೆ ಗ್ರಂಥ ಓದಿ ಮುಗಿಸಿದವನಿಗೆ ಗುರು 'ಇಜಾಜತ್' ಕೊಡುತ್ತಿದ್ದ: ನಾನು ಕಲಿಸಿದ್ದನ್ನು ನೀನೂ ಕಲಿಸಬಹುದು ಎಂಬ ಒಪ್ಪಿಗೆ. ಇದ್ದ ಜ್ಞಾನ ಕೆಡದೆ ಕೈ ದಾಟಿದರೆ ಸಾಕಿತ್ತು. ಶಿಷ್ಯ ತಾನಾಗಿ ಏನನ್ನೋ ಹೊಸದಾಗಿ ಕಂಡು ಬರೆದು ತೋರಿಸಬೇಕೆಂಬ ಷರತ್ತು 19ನೇ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿ, ಅಲ್ಲಿಂದ ಲೋಕವೆಲ್ಲ ಹರಡಿದ್ದು.

ಮೈಕೈ ನೋವಿಗೆ ಈ ಭಾಗದ ಹಳ್ಳಿಗಳಲ್ಲಿದ್ದ ಉಪಾಯ ಬೇರೆ. ಎಲುಬು ಕೂಡಿಸುವವರು ಬಿದಿರು ಸೀಳಿನ ಕಟ್ಟು ಹಾಕುತ್ತಿದ್ದರು. ಗರಡಿ, ತಾಲೀಮಿನ ಉಸ್ತಾದರು ಉಳುಕಿದ ಭುಜವನ್ನು ಎಣ್ಣೆ ಹಚ್ಚಿ ತಿಕ್ಕಿ ಸರಿಮಾಡುತ್ತಿದ್ದರು. ಅದರಲ್ಲಿ ಒಳ್ಳೆಯದೂ ಇತ್ತು, ಕೈ ಸೊಟ್ಟಾಗಿಸಿದ್ದೂ ಇತ್ತು. ಎಷ್ಟು ಮಂದಿಗೆ ಗುಣವಾಯಿತು, ಎಷ್ಟು ಮಂದಿಗೆ ಆಗಲಿಲ್ಲ ಎಂದು ಯಾರೂ ಬರೆದಿಡಲಿಲ್ಲ. ನಾಟಿ ವಿದ್ಯೆಗೂ ಇಂದಿನ ಫಿಜಿಯೊಥೆರಪಿಗೂ ನಡುವಿನ ದೊಡ್ಡ ಅಂತರ ಕೈಚಳಕದ್ದಲ್ಲ, ಈ ಲೆಕ್ಕದ್ದು.

ಆಧುನಿಕ ಫಿಜಿಯೊಥೆರಪಿಯ ಬೇರು 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮಿನಲ್ಲಿ ತೆರೆದ ವ್ಯಾಯಾಮ ಸಂಸ್ಥೆಯಲ್ಲಿದೆ. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನ ಕಲಿತವರ ಸಂಘ ಕಟ್ಟಿದರು. ಭಾರತಕ್ಕೆ ಈ ವೃತ್ತಿಯನ್ನು ತಂದದ್ದು ಪೋಲಿಯೊ. 1950ರ ದಶಕದ ಮೊದಲಲ್ಲಿ ಬಾಂಬೆಯಲ್ಲಿ ಪೋಲಿಯೊ ಹಬ್ಬಿ, 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಜಿಯೊಥೆರಪಿ ಶಾಲೆ ಆರಂಭವಾಯಿತು. 1955ರಲ್ಲಿ ಭಾರತೀಯ ಫಿಜಿಯೊಥೆರಪಿಸ್ಟರ ಸಂಘ ಹುಟ್ಟಿತು.

ಆ ಹೊತ್ತಿಗೆ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾ, ಅಹ್ಮದಪುರ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ರಾಜಧಾನಿ ಬೆಂಗಳೂರಾಯಿತಾದರೂ ಕಾಯಿಲೆ ಬಿದ್ದವರು ಹೋಗುತ್ತಿದ್ದುದು ಹೈದರಾಬಾದಿಗೇ. ನಿಜಾಮರ ಕಾಲದ ವಿಕಾರಾಬಾದ್–ಬೀದರ್–ಭಾಲ್ಕಿ–ಪರಳಿ ರೈಲು ಅತ್ತ ಕೊಂಡೊಯ್ಯುತ್ತಿತ್ತು. 1964ರಲ್ಲಿ ಅಲ್ಲಿ ನಿಜಾಮ್ಸ್ ಆರ್ಥೊಪೆಡಿಕ್ ಆಸ್ಪತ್ರೆ ತೆರೆದ ಮೇಲೆ ಮೂಳೆ ಮುರಿದವರಿಗೆ ಅದೇ ದೊಡ್ಡ ದವಾಖಾನೆ. ಇತ್ತ ಕಲಬುರಗಿಯಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದವು. ಬೀದರಿನಿಂದ ಕಲಬುರಗಿಗೆ ನೇರ ರೈಲು ಓಡಿದ್ದು ಮಾತ್ರ 2017ರ ಅಕ್ಟೋಬರಿನಲ್ಲಿ!

ಪ್ರಬಂಧಕ್ಕೆ ಇಂದಿನ ರೂಪ ಕೊಟ್ಟದ್ದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದುವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಡಿಯಲ್ಲಿದ್ದ ವೈದ್ಯಕೀಯ, ದಂತ, ನರ್ಸಿಂಗ್, ಫಿಜಿಯೊಥೆರಪಿ ಕಾಲೇಜುಗಳು ಒಂದೇ ಛಾವಣಿಗೆ ಬಂದವು. ಎಂಪಿಟಿ ವಿದ್ಯಾರ್ಥಿ ಮೊದಲು ಬರೆಯಬೇಕಾದದ್ದು 'ಸಿನಾಪ್ಸಿಸ್'. ಅದರ ನಮೂನೆ ಈ ಬಳಗದ ಎಲ್ಲರಿಗೂ ಬಾಯಿಪಾಠ: ಅಭ್ಯರ್ಥಿಯ ಹೆಸರು, ಕಾಲೇಜು, ಸೇರಿದ ದಿನ, ಶೀರ್ಷಿಕೆ, ಆರನೆಯ ಅಂಕಣದಲ್ಲಿ ಅಧ್ಯಯನದ ಅಗತ್ಯ, ಹಿಂದಿನ ಬರಹಗಳ ಅವಲೋಕನ, ಉದ್ದೇಶ, ಏಳನೆಯದರಲ್ಲಿ ಮಾಹಿತಿಯ ಮೂಲ, ಸಂಗ್ರಹದ ವಿಧಾನ, ಮನುಷ್ಯರ ಮೇಲೆ ಏನಾದರೂ ಪ್ರಯೋಗವಿದೆಯೇ, ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ ಎಂಬ ಪ್ರಶ್ನೆಗಳು. ಕಡೆಗೆ ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರ ಸಹಿ. ಪ್ರಬಂಧದ ಕೊನೆಯ ಪುಟಗಳಲ್ಲಿ 'ಮಾಸ್ಟರ್ ಚಾರ್ಟ್': ಪ್ರತಿ ರೋಗಿಗೆ ಒಂದು ಸಾಲು, ಹೆಸರಿಲ್ಲ, ಬರೀ ಸಂಖ್ಯೆ. ಇಡೀ ಪ್ರಬಂಧದಲ್ಲಿ ಸುಳ್ಳು ಹೇಳಲು ಕಷ್ಟವಾದ ಜಾಗ ಅದೊಂದೇ. ತಿಳಿದ ಪರೀಕ್ಷಕರು ಮೊದಲು ಅಲ್ಲಿಗೇ ತಿರುವುತ್ತಾರೆ.

ಈ ಓದಿಗೆ ಗಡಿ ಜಿಲ್ಲೆಯ ಮಕ್ಕಳ ದಾರಿ ಅಗಲವಾದದ್ದು ಸಂವಿಧಾನದ 371ಜೆ ವಿಧಿಯಿಂದ. 98ನೇ ತಿದ್ದುಪಡಿಯ ಮೇಲೆ 2013ರಿಂದ ಹೈದರಾಬಾದ್ ಕರ್ನಾಟಕ ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ ಮೀಸಲಾದವು. 2007ರಲ್ಲಿ ಬೀದರಿನಲ್ಲೇ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ 'ಬ್ರಿಮ್ಸ್', ಆರಂಭವಾಗಿ ಜಿಲ್ಲಾಸ್ಪತ್ರೆ ಬೋಧನಾ ಆಸ್ಪತ್ರೆಯಾಯಿತು. ತಾಲೂಕು ಮಟ್ಟದಲ್ಲಿ ಫಿಜಿಯೊಥೆರಪಿಯನ್ನು ಹಲವು ಮನೆಗಳಿಗೆ ಮೊದಲು ಪರಿಚಯಿಸಿದ್ದು ಶಿಕ್ಷಣ ಇಲಾಖೆ ಎಂಬುದು ಕೊಂಚ ಸೋಜಿಗ. ಸರ್ವ ಶಿಕ್ಷಾ ಅಭಿಯಾನದಲ್ಲಿ ಅಂಗವಿಕಲ ಮಕ್ಕಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ (ಬಿಆರ್‌ಸಿ) ಚಿಕಿತ್ಸಾ ವ್ಯವಸ್ಥೆಯಾಯಿತು. ಮೆದುಳು ಪಾರ್ಶ್ವವಾಯುವಿನ ಮಗುವಿನ ಬಿಗಿದ ಕಾಲು ಸಡಿಲಿಸುವುದನ್ನು ಅನೇಕ ತಾಯಂದಿರು ಕಂಡದ್ದು ಆಸ್ಪತ್ರೆಯಲ್ಲಲ್ಲ, ಬಿಆರ್‌ಸಿ ಕಚೇರಿಯ ಒಂದು ಕೋಣೆಯಲ್ಲಿ.

ಇಷ್ಟಾದ ಮೇಲೂ ಬಗೆಹರಿಯದೆ ಉಳಿದದ್ದು ಭಾಷೆ. ಪ್ರಬಂಧ ಇಂಗ್ಲಿಷಿನಲ್ಲಿ; ನೋವು ಬೀದರಿನ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗಿನಲ್ಲಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆ ಇಂದಿಗೂ ನೆನೆಯುತ್ತದೆ. ಪ್ರಾಜೆಕ್ಟಿನ ಪಾಡೂ ಹೆಚ್ಚು ಕಡಿಮೆ ಹಾಗೆಯೇ: ರಟ್ಟಿನ ಮೇಲೆ ಒಂದು ಭಾಷೆ, ರೋಗಿಯ ಮಂಚದ ಬಳಿ ಇನ್ನೊಂದು.

ಬೆನ್ನುನೋವಿನ ಅಳತೆಗೆ ವಿದ್ಯಾರ್ಥಿಗಳು ಹಿಡಿಯುವ ಸಾಧನ 1980ರಲ್ಲಿ ಪ್ರಕಟವಾದ ಆಸ್ವೆಸ್ಟ್ರಿ ಪ್ರಶ್ನಾವಳಿ; ಮಂಡಿಗೆ ವೊಮ್ಯಾಕ್; ಕೆಲಸಗಾರರ ನೋವಿಗೆ 1987ರ ನಾರ್ಡಿಕ್ ಪ್ರಶ್ನಾವಳಿ. ನೋವಿನ ತೀವ್ರತೆಗೆ ಹತ್ತು ಸೆಂಟಿಮೀಟರಿನ ಗೆರೆ: ಒಂದು ತುದಿ 'ನೋವಿಲ್ಲ', ಇನ್ನೊಂದು ತುದಿ 'ತಾಳಲಾರದ ನೋವು', ನಡುವೆ ಎಲ್ಲಾದರೂ ಗುರುತು ಹಾಕಬೇಕು. ಓದು ಬರಹ ತಿಳಿದವರಿಗೆ ಇದು ಸಲೀಸು. ಗೆರೆ ಎಂದರೆ ಹೊಲದ ಬದುವೆಂದೇ ತಿಳಿದ ಅಜ್ಜಿಯ ಮುಂದೆ ಇಟ್ಟರೆ ಆಕೆ ಗೆರೆಯನ್ನಲ್ಲ, ವಿದ್ಯಾರ್ಥಿನಿಯ ಮುಖ ನೋಡುತ್ತಾಳೆ. ಆಗ ಆಣೆ ಲೆಕ್ಕ ನೆರವಿಗೆ ಬರುತ್ತದೆ: "ರೂಪಾಯಿದಾಗ ಎಷ್ಟಾಣೆ ಬ್ಯಾನಿ ಅದ?" ಹನ್ನೆರಡಾಣೆ ಎಂಬ ಉತ್ತರ ತಟ್ಟನೆ ಬರುತ್ತದೆ.

ವೊಮ್ಯಾಕ್ ಕೇಳುವುದು ಸ್ನಾನದ ತೊಟ್ಟಿಗೆ ಇಳಿದು ಹತ್ತುವ ಕಷ್ಟವನ್ನು. ಔರಾದಿನ ಹಳ್ಳಿಯ ಮಂಡಿಗೆ ಆ ಪ್ರಶ್ನೆಯೇ ಎದುರಾಗುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಕುಕ್ಕರುಗಾಲಲ್ಲಿ ಕೂರುವುದು, ಊಟಕ್ಕೆ ಚಕ್ಕಳಮಕ್ಕಳ ಹಾಕುವುದು, ತುಂಬಿದ ಕೊಡ ಹೊತ್ತು ಏಳುವುದು. ಆಸ್ವೆಸ್ಟ್ರಿಯಲ್ಲಿ ದಾಂಪತ್ಯ ಸುಖದ ಬಗ್ಗೆ ಒಂದು ವಿಭಾಗವಿದೆ. ಅದನ್ನು ಕೇಳುವವರಿಗೂ ಮುಜುಗರ, ಹೇಳುವವರಿಗೂ ಮುಜುಗರ, ಕಾಗದದಲ್ಲಿ ಆ ಜಾಗ ಖಾಲಿ. ಇನ್ನು ಪದಗಳು. ಇಲ್ಲಿ ಸೊಂಟವೆಂದರೆ 'ಟೊಂಕ' ಅಥವಾ 'ನಡ', ಮೊಣಕಾಲು 'ಮಣಕಾಲು', ಬೇನೆ 'ಬ್ಯಾನಿ'. ಉರ್ದುವಿನಲ್ಲಿ 'ಕಮರ್', ಮರಾಠಿಯಲ್ಲಿ 'ಕಂಬರ'. ಬೆಂಗಳೂರಿನ ಕನ್ನಡದಲ್ಲಿ ಅಚ್ಚಾದ ಪ್ರಶ್ನಾವಳಿಯನ್ನು ಭಾಲ್ಕಿಯಲ್ಲಿ ಓದಿ ಹೇಳುವಾಗ ಅದನ್ನು ಇನ್ನೊಮ್ಮೆ ಕನ್ನಡಕ್ಕೆ ಅನುವಾದಿಸಬೇಕಾಗುತ್ತದೆ. ಪ್ರಶ್ನಾವಳಿಯನ್ನು ಒಬ್ಬರು ಸ್ಥಳೀಯ ನುಡಿಗೆ ತಂದು, ಮೂಲ ಕಾಣದ ಮತ್ತೊಬ್ಬರು ಮರಳಿ ಇಂಗ್ಲಿಷಿಗೆ ಒಯ್ದು, ಎರಡನ್ನೂ ಹೋಲಿಸಿ ನೋಡುವ ಕ್ರಮವಿದೆ. ಈ ನೆಲದಲ್ಲಿ ಅದೊಂದೇ ಒಂದು ಪೂರ್ಣ ಪ್ರಾಜೆಕ್ಟಿಗೆ ಸಾಕು. ಹತ್ತನೆಯ ಸಲ ಹಿಗ್ಗಿಸುವ ವ್ಯಾಯಾಮಗಳನ್ನು ಹೋಲಿಸುವುದಕ್ಕಿಂತ ಅದು ಮೇಲು.

ವಿಷಯದ ಆಯ್ಕೆಯಲ್ಲೂ ಇದೇ ಮಾತು. ಕಾಲೇಜು ಹುಡುಗರ ಮೊಬೈಲು ಮತ್ತು ಕತ್ತುನೋವು ಎಲ್ಲ ಕಡೆ ಸಿಗುವ ಸುಲಭದ ವಸ್ತು. ತರಗತಿಯಲ್ಲೇ ರೋಗಿಗಳು ಸಿಗುತ್ತಾರೆ. ಬೀದರಿಗೆ ತನ್ನದೇ ಆದ ನೋವುಗಳಿವೆ. ಬಿದ್ರಿ ಕುಶಲಕರ್ಮಿ ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬಣ್ಣ ಬರಿಸುತ್ತಾನೆ. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಲೆಯ ಹೂದಾನಿ ಎಲ್ಲರ ಕಣ್ಣಿಗೆ ಬೀಳುತ್ತದೆ. ನೆಲಕ್ಕೆ ಕೂತು ದಿನವಿಡೀ ಕತ್ತು ಬಗ್ಗಿಸಿ ಸುತ್ತಿಗೆ ಆಡಿಸುವ ಮಣಿಕಟ್ಟು ಬೀಳುವುದಿಲ್ಲ. ತೊಗರಿ, ಸೋಯಾ ಹೊಲದಲ್ಲಿ ಕುರ್ಪಿ ಹಿಡಿದು ಕುಕ್ಕರುಗಾಲಲ್ಲೇ ಸಾಲು ಸಾಗುವ ಹೆಂಗಸರ ಟೊಂಕ, ಕಬ್ಬು ಕಡಿಯುವವರ ಭುಜ ಕೂಡ ಅಂಥವೇ.

ಒಪ್ಪಿಗೆ ಪತ್ರದ ಹಿಂದೆಯೂ ಒಂದು ಚರಿತ್ರೆಯಿದೆ. ನಾಜಿ ವೈದ್ಯರ ವಿಚಾರಣೆಯಿಂದ ಹುಟ್ಟಿದ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1980ರ ಹೇಳಿಕೆ, ಕಡೆಗೆ 2017ರ ಮಾರ್ಗಸೂಚಿ. ಇಷ್ಟು ದಾಟಿ ಬಂದ ಹಾಳೆ ಅದು. ರೋಗಿಗೆ ತಿಳಿಯುವ ಭಾಷೆಯಲ್ಲಿ ಅದಿರಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗೆ ಸಹಿ ಹಾಕಬೇಕು. ಹೆಬ್ಬೆಟ್ಟು ಎಂದೊಡನೆ ಸಾಲಪತ್ರ, ಜಮೀನು ನೆನಪಾಗುವ ಸೀಮೆಯಲ್ಲಿ ಇದನ್ನು ವಿವರಿಸಲು ತಾಳ್ಮೆ ಬೇಕು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಲಿನಿಕಲ್ ಪ್ರಯೋಗ ನೋಂದಣಿ, 2018ರಿಂದ ಮೊದಲ ರೋಗಿ ಸೇರುವ ಮುನ್ನವೇ ನೋಂದಾಯಿಸಬೇಕು ಎನ್ನುತ್ತದೆ.

ಪುಸ್ತಕದ ಬಡತನ ಮಾತ್ರ ಬೇಗ ನೀಗಿತು. 2003ರಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯ 'ಹೆಲಿನೆಟ್' ಎಂಬ ಜಾಲ ತೆರೆದು ವಿದೇಶಿ ನಿಯತಕಾಲಿಕೆಗಳನ್ನು ತನ್ನ ಕಾಲೇಜುಗಳ ಕಂಪ್ಯೂಟರಿಗೆ ತಲುಪಿಸಿತು. ನಕಲು ಮಾಡುವುದೂ ಅಷ್ಟೇ ಸುಲಭವಾಯಿತು. 2018ರ ಯುಜಿಸಿ ನಿಯಮ ಶೇ 10ಕ್ಕಿಂತ ಹೆಚ್ಚಿನ ಹೋಲಿಕೆಯನ್ನು ತಪ್ಪೆಂದು ಎಣಿಸುತ್ತದೆ. ವೃತ್ತಿಗೂ ನಿಯಮ ಬಂತು: 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಫಿಜಿಯೊಥೆರಪಿಗೆ ಮೊದಲ ಬಾರಿ ರಾಷ್ಟ್ರಮಟ್ಟದ ನಿಯಂತ್ರಣ ತಂದಿತು.

ಎಲ್ಲ ನಿಯಮ ಪಾಲಿಸಿದ ಪ್ರಬಂಧವನ್ನೂ ಕೆಡಿಸುವ ಒಂದು ಸಂಗತಿ ಉಳಿಯುತ್ತದೆ: ಮೊದಲ ಅಳತೆಗೆ ಬಂದವರು ಕೊನೆಯ ಅಳತೆಗೆ ಬಾರದಿರುವುದು. ನೋವು ಕಡಿಮೆಯಾದರೆ ಬರುವುದಿಲ್ಲ, ಹೆಚ್ಚಾದರೂ ಬರುವುದಿಲ್ಲ, ರಾಶಿಯ ಕಾಲದಲ್ಲಂತೂ ಬರುವುದೇ ಇಲ್ಲ. ಮಾಸ್ಟರ್ ಚಾರ್ಟಿನಲ್ಲಿ ಅವರ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಭಾಲ್ಕಿಯವರಿಗೆ ಬೀದರಿಗೆ ಬರಲು ರೈಲಾದರೂ ಇದೆ. ಔರಾದ್ ಪಟ್ಟಣಕ್ಕೆ ರೈಲು ಇನ್ನೂ ಬಂದಿಲ್ಲ. ಸುಮಾರು 40 ಕಿಲೋಮೀಟರ್ ಬಸ್ಸಿನ ದಾರಿ. 2023ರ ಜೂನ್ 11ರಿಂದ ಹೆಂಗಸರು ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ.